‘ಮಿನಿಸ್ಟ್ರಿ ಆಫ್ ಫಿಯರ್’ಗೆ ನಾನು ಕನ್ನಡ ಸಬ್‌ಟೈಟಲ್ ಮಾಡಿದ್ದು

ಅಪ್ಪನಿಗೆ ಪತ್ತೇದಾರಿ ಕಥೆ ಅಂದರೆ ಪ್ರಾಣ. ಹಳೆಯ ಕಪ್ಪು-ಬಿಳುಪು ಸಿನಿಮಾ ಅಂದರೂ ಅಷ್ಟೇ. ಆದರೆ ಇಂಗ್ಲಿಷ್ ಮಾತು ವೇಗವಾಗಿ ಬಂದರೆ ಅವರಿಗೆ ಹಿಡಿಯಲು ಆಗುವುದಿಲ್ಲ. ಪಕ್ಕದಲ್ಲಿ ಕೂತು ನಾನು ಅರ್ಥ ಹೇಳುವಷ್ಟರಲ್ಲಿ ಮುಂದಿನ ಮಾತು ಬಂದು ಹೋಗಿರುತ್ತದೆ. ಹೋದ ಮಳೆಗಾಲದಲ್ಲಿ, ಒಂದು ಸಿನಿಮಾಗಾದರೂ ಪೂರ್ತಿ ಕನ್ನಡ ಸಬ್‌ಟೈಟಲ್ ಮಾಡಿಬಿಡೋಣ ಅಂತ ಕೂತೆ. ಆರಿಸಿಕೊಂಡದ್ದು ಫ್ರಿಟ್ಜ್ ಲಾಂಗ್ ನಿರ್ದೇಶನದ, 1944ರ ‘ಮಿನಿಸ್ಟ್ರಿ ಆಫ್ ಫಿಯರ್’. ಕೊನೆ ಹೇಳದೆ ಈ ಕೆಲಸವನ್ನು ವಿವರಿಸಲು ಆಗುವುದಿಲ್ಲ. ಹಾಗಾಗಿ ಸಿನಿಮಾ ನೋಡಬೇಕು ಅಂದುಕೊಂಡವರು ನೋಡಿ ಬಂದೇ ಇದನ್ನು ಓದಿ.

ಕಥೆ ಯುದ್ಧಕಾಲದ ಲಂಡನ್‌ನದು. ಸ್ಟೀಫನ್ ನೀಲ್ ಎರಡು ವರ್ಷ ಹುಚ್ಚಾಸ್ಪತ್ರೆಯಲ್ಲಿದ್ದು ಹೊರಗೆ ಬರುತ್ತಾನೆ. ಪಾತ್ರ ಮಾಡಿದವರು ರೇ ಮಿಲ್ಯಾಂಡ್. ರೈಲಿಗೆ ಇನ್ನೂ ಹೊತ್ತಿದೆ ಅಂತ ಪಕ್ಕದ ಮೇಳವೊಂದಕ್ಕೆ ಹೋಗುತ್ತಾನೆ. ಅಲ್ಲಿ ತೂಕ ಹೇಳಿ ಒಂದು ಕೇಕ್ ಗೆಲ್ಲುತ್ತಾನೆ. ಆ ಕೇಕ್ ನಾಜಿ ಗೂಢಚಾರರಿಗೆ ಸೇರಬೇಕಾದದ್ದು. ಗ್ರಹಾಂ ಗ್ರೀನ್ ಬರೆದ 1943ರ ಕಾದಂಬರಿ ಇದಕ್ಕೆ ಮೂಲ. ಅದನ್ನು ಬರೆಯುವಾಗ ಅವರು ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿ ಬ್ರಿಟಿಷ್ ಗೂಢಚಾರ ಇಲಾಖೆಗೇ ಕೆಲಸ ಮಾಡುತ್ತಿದ್ದರು. ಲಾಂಗ್ 1933ರಲ್ಲಿ ಜರ್ಮನಿ ಬಿಟ್ಟು ಬಂದವರು. ಇಬ್ಬರಿಗೂ ಭಯ ಅಂದರೆ ಏನು ಅಂತ ಗೊತ್ತಿತ್ತು. ಅದು ಪ್ರತಿ ಮಾತಿನಲ್ಲೂ ಕಾಣುತ್ತದೆ.

ಮೊದಲ ವಾರ ನಾನು ಮಾಡಿದ್ದು ಸುಮ್ನೆ ಅನುವಾದ. ಓದಿ ನೋಡಿದರೆ ಪತ್ತೇದಾರಿಯೇ ಉಳಿದಿರಲಿಲ್ಲ. ಕಾರಣ ತಿಳಿಯಲು ಸ್ವಲ್ಪ ದಿನ ಬೇಕಾಯಿತು. ಕಥೆಯ ಕೊನೆ ನನಗೆ ಗೊತ್ತಿದೆ, ಗೊತ್ತಿದ್ದದ್ದು ಬರೆಯುವಾಗ ಕೈಯಿಂದ ಜಾರುತ್ತದೆ. ಅದರ ಮೇಲೆ ಕನ್ನಡ ಬೇರೆ ಗುಟ್ಟು ಬಿಟ್ಟುಕೊಡುತ್ತದೆ. ಇಂಗ್ಲಿಷಿನಲ್ಲಿ ‘ಯಾರೋ’ ಬಂದು ಹೋದರೆ ಅದು ಗಂಡೋ ಹೆಣ್ಣೋ ಹೇಳಬೇಕಿಲ್ಲ. ಕನ್ನಡದಲ್ಲಿ ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ: ಬಂದ, ಬಂದಳು. ಅಂಥ ಕಡೆಯೆಲ್ಲ ‘ಯಾರೋ ಬಂದಿದ್ರು’ ಅಂತ ಬಹುವಚನದ ಮರೆಯಲ್ಲಿ ನಿಂತುಕೊಂಡೆ.

ಇನ್ನೊಂದು ತೊಡಕು ನನಗೆ ಹೊಳೆದೇ ಇರಲಿಲ್ಲ. ಆಸ್ಟ್ರಿಯಾದಿಂದ ತಪ್ಪಿಸಿಕೊಂಡು ಬಂದ ಕಾರ್ಲಾ ಮತ್ತು ವಿಲ್ಲಿ ಒಡಹುಟ್ಟಿದವರು. ಇಂಗ್ಲಿಷಿಗೆ ‘ಬ್ರದರ್’ ಅಂದರೆ ಸಾಕು. ನಮಗೆ ಸಾಲದು. ಅಣ್ಣನೋ ತಮ್ಮನೋ? ಮಾತಿನಲ್ಲಿ ಸುಳಿವು ಸಿಗದೆ ನಟರ ವಯಸ್ಸು ನೋಡಿದೆ. ವಿಲ್ಲಿ ಪಾತ್ರದ ಕಾರ್ಲ್ ಎಸ್ಮಂಡ್, ಕಾರ್ಲಾ ಪಾತ್ರದ ಮಾರ್ಜರಿ ರೆನಾಲ್ಡ್ಸ್‌ಗಿಂತ ಸಾಕಷ್ಟು ದೊಡ್ಡವರು. ಹಾಗಾಗಿ ‘ನಮ್ಮಣ್ಣ’ ಅಂತಲೇ ಬರೆದೆ. ಇದರಿಂದ ಕಥೆಗೇ ಹೊಸ ಭಾರ ಬಂತು. ಕೊನೆಯಲ್ಲಿ ಗೂಢಚಾರರ ಕಡೆಯವನು ವಿಲ್ಲಿಯೇ ಅಂತ ಗೊತ್ತಾದಾಗ, ಮೊದಲಿನಿಂದ ‘ನಮ್ಮಣ್ಣ, ನಮ್ಮಣ್ಣ’ ಅಂತ ಓದಿಕೊಂಡು ಬಂದವರಿಗೆ ಅದು ಬೇರೆ ಥರವೇ ತಟ್ಟುತ್ತದೆ.

ನೀನು-ನೀವು ಬಗ್ಗೆ ನಾನು ಜಾಸ್ತಿ ಹೊತ್ತು ಯೋಚಿಸಿದೆ. ನೀಲ್ ಮತ್ತು ಕಾರ್ಲಾ ಹೊಸಬರು, ಮೊದಲಿಗೆ ‘ನೀವು’. ಸರಿ. ‘ನೀನು’ ಯಾವಾಗ? ಇಬ್ಬರೂ ಬಾಂಬ್ ದಾಳಿಯ ರಾತ್ರಿ ಸುರಂಗ ರೈಲಿನ ನಿಲ್ದಾಣದಲ್ಲಿ ಉಳಿದುಕೊಳ್ಳುತ್ತಾರೆ. ನೀಲ್ ತನ್ನ ಹೆಂಡತಿಯ ಸಾವಿನ ವಿಷಯ ಹೇಳುವುದು ಅಲ್ಲೇ. ಅವನು ಹೇಳಿ ಮುಗಿಸುವವರೆಗೂ ‘ನೀವು’ ಇಟ್ಟೆ. ಅದಾದ ಮೇಲೆ ಕಾರ್ಲಾಳ ಬಾಯಲ್ಲಿ ಮೊದಲ ‘ನೀನು’ ಬರುತ್ತದೆ, ಅವನ ಬಾಯಲ್ಲಿ ಅಲ್ಲ. ಅವನನ್ನು ನಂಬುವ ತೀರ್ಮಾನ ಅವಳದು, ಅಲ್ವಾ? ವಿಲ್ಲಿಗೆ ಮಾತ್ರ ಕೊನೆಯವರೆಗೂ ‘ನೀವು’ ಬಿಡಿಸಲಿಲ್ಲ. ಕೈಯಲ್ಲಿ ಪಿಸ್ತೂಲು ಹಿಡಿದು ಅಷ್ಟು ಮರ್ಯಾದೆಯಿಂದ ಮಾತಾಡುವವನನ್ನು ನೋಡಿದರೆ ಮೈ ಜುಮ್ ಅನ್ನುತ್ತದೆ.

ಆ ಸಾವಿನ ಮಾತೇ ಇಡೀ ಕೆಲಸದಲ್ಲಿ ಕಷ್ಟದ ಜಾಗ. ಹೆಂಡತಿಗೆ ವಾಸಿಯಾಗದ ಕಾಯಿಲೆ. ನೋವು ನೋಡಲಾರದೆ ನೀಲ್ ವಿಷ ತರುತ್ತಾನೆ, ಕೊಡಲು ಮನಸ್ಸು ಬರುವುದಿಲ್ಲ. ಅವಳೇ ಹುಡುಕಿ ತೆಗೆದುಕೊಳ್ಳುತ್ತಾಳೆ. ಇದಕ್ಕೆ ‘ದಯಾಮರಣ’ ಎಂಬ ಪದ ನಮ್ಮಲ್ಲಿದೆ. ಹಳದೀಪುರದ ಅರುಣಾ ಶಾನಭಾಗ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಪತ್ರಿಕೆಗಳಲ್ಲಿ ಎಲ್ಲರೂ ಓದಿದ ಪದ ಅದು. ಮೊದಲು ಅದನ್ನೇ ಹಾಕಿದ್ದೆ. ಆದರೆ ಹೆಂಡತಿಯನ್ನು ಕಳೆದುಕೊಂಡ ಗಂಡಸು ನೆಲದಡಿಯ ಕತ್ತಲಲ್ಲಿ ಕೂತು ಪತ್ರಿಕೆಯ ಪದ ಆಡುವುದಿಲ್ಲ. ತೆಗೆದುಹಾಕಿದೆ. ‘ವಿಷ ತಂದವನು ನಾನು. ತಗೊಂಡವಳು ಅವಳು.’ ಇಷ್ಟೇ ಉಳಿಸಿದೆ. ಅವನು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಸಬ್‌ಟೈಟಲ್ ಹೇಳಬಾರದು. ನೋಡುವವರು ಆ ಎರಡು ಸಾಲಿನ ನಡುವೆ ತೂಗಿಕೊಳ್ಳಲಿ. ಅದಕ್ಕೂ ಮುಂಚೆ ಪ್ರೇತ ಕರೆಯುವ ಕೋಣೆಯಲ್ಲಿ, ಕತ್ತಲಲ್ಲಿ ಒಂದು ದನಿ ವಿಷದ ಮಾತೆತ್ತುತ್ತದೆ. ಅಲ್ಲಿ ‘ಕೊಂದ’ ಅಂತ ಎಲ್ಲೂ ಬಾರದಂತೆ ನೋಡಿಕೊಂಡೆ. ಕೊಂದ ಅಂತ ಒಮ್ಮೆ ಕಣ್ಣಿಗೆ ಬಿದ್ದರೆ, ಆಮೇಲಿನ ಅವನ ಮಾತನ್ನು ಯಾರು ನಂಬುತ್ತಾರೆ?

ಕೇಕಿನ ತೂಕ ನಾಲ್ಕು ಪೌಂಡ್ ಹದಿನೈದೂವರೆ ಔನ್ಸ್. ನಮ್ಮ ಲೆಕ್ಕಕ್ಕೆ ಸುಮಾರು ಎರಡೂಕಾಲು ಕಿಲೋ. ಅಪ್ಪನಿಗೆ ಸುಲಭ ಆಗಲಿ ಅಂತ ಕಿಲೋ ಬರೆದೆ, ಮರುದಿನವೇ ಅಳಿಸಿದೆ. ಎರಡೂಕಾಲು ಕಿಲೋ ಅಂತ ಯಾರು ಬೇಕಾದರೂ ಅಂದಾಜು ಹೇಳಬಹುದು. ಹದಿನೈದೂವರೆ ಔನ್ಸ್ ಅಂತ ಹೇಳಬೇಕಾದರೆ ಯಾರೋ ಮೊದಲೇ ತೂಗಿಟ್ಟಿರಬೇಕು. ಆ ಅರ್ಧ ಔನ್ಸಿನಲ್ಲೇ ಸಂಚಿನ ವಾಸನೆ ಇದೆ. ಇನ್ನು ಆ ಕೇಕಿಗೆ ನಿಜವಾದ ಮೊಟ್ಟೆ ಹಾಕಿದೆ ಎಂಬ ಹೊಗಳಿಕೆ. 1941ರಿಂದ ಬ್ರಿಟನ್‌ನಲ್ಲಿ ಮೊಟ್ಟೆಗೂ ಪಡಿತರ ಇತ್ತು, ಸಾಮಾನ್ಯವಾಗಿ ಒಬ್ಬರಿಗೆ ವಾರಕ್ಕೆ ಒಂದು. ಆಮೇಲೆ ಅಮೆರಿಕದಿಂದ ಮೊಟ್ಟೆ ಪುಡಿ ಬರಲು ಶುರುವಾಯಿತು. ಇಷ್ಟನ್ನೂ ಎರಡು ಸೆಕೆಂಡಿನಲ್ಲಿ ಹೇಳಬೇಕು. ‘ಪುಡಿ ಅಲ್ಲ, ಮೊಟ್ಟೆ ಒಡೆದು ಹಾಕಿರೋದು’ ಅಂತ ಬರೆದೆ.

ಮೇಳದಲ್ಲಿ ಕೈ ನೋಡಿ ಭವಿಷ್ಯ ಹೇಳುವ ಹೆಂಗಸಿಗೆ ನೀಲ್ ಒಂದು ಮಾತು ಹೇಳುತ್ತಾನೆ. ಹಳೆಯದು ಬೇಡ, ಮುಂದಿನದು ಹೇಳಿ ಅಂತ. ಅದು ಗೂಢಚಾರರ ಗುರುತಿನ ಮಾತು ಅಂತ ಅವನಿಗೆ ಗೊತ್ತಿಲ್ಲ. ಅವಳು ಬೆಚ್ಚುತ್ತಾಳೆ, ತಮ್ಮವನೇ ಅಂದುಕೊಂಡು ಕೇಕಿನ ತೂಕ ಹೇಳಿಬಿಡುತ್ತಾಳೆ. ಕಥೆ ಹೊರಡುವುದೇ ಇಲ್ಲಿಂದ. ನಾನು ಮೊದಲು ಬರೆದದ್ದು ‘ಭೂತಕಾಲವನ್ನು ಮರೆತುಬಿಡಿ, ಭವಿಷ್ಯವನ್ನು ಹೇಳಿ’. ಓದಿದ ತಕ್ಷಣ ಇದೇನೋ ಗುಪ್ತ ಮಾತು ಅಂತ ಗೊತ್ತಾಗುತ್ತದೆ. ಮೊದಲ ಸಲ ಅದು ಯಾರ ಕಣ್ಣಿಗೂ ಬೀಳಬಾರದು. ಕೊನೆಗೆ ‘ಆಗಿದ್ದು ಬಿಡಿ, ಮುಂದೆ ಆಗೋದು ಹೇಳಿ’ ಅಂತ ನಿಂತಿತು. ನಮ್ಮೂರಲ್ಲಿ ಕೈ ತೋರಿಸುವವರು ಯಾರೂ ಹೇಳಬಹುದಾದ ಮಾತು.

ಟೈಲರ್ ಅಂಗಡಿಯ ದೃಶ್ಯಕ್ಕೆ ನಮ್ಮ ಬೀದಿಯ ಟೈಲರ್ ಹತ್ತಿರ ಹೋಗಿ ಕೂತೆ. ಸಿನಿಮಾದಲ್ಲಿ ಟೈಲರ್ ಪಾತ್ರದ ಡ್ಯಾನ್ ಡುರಿಯಾ ಉದ್ದನೆಯ ಕತ್ತರಿಯ ತುದಿಯಿಂದಲೇ ಫೋನಿನ ಡಯಲ್ ತಿರುಗಿಸಿ, ಹೊಸ ಸೂಟಿನ ಭುಜದ ಬಗ್ಗೆ ಗಿರಾಕಿಗೆ ಹೇಳುತ್ತಾನೆ. ಮೇಲೆ ನೋಡಿದರೆ ವ್ಯಾಪಾರದ ಮಾತು, ಒಳಗೆ ಸಂದೇಶ. ಆ ಕೋಟಿನೊಳಗೇ ಮೈಕ್ರೋಫಿಲ್ಮ್, ಅಂದರೆ ಗುಟ್ಟಿನ ದಾಖಲೆಗಳನ್ನು ಪುಟ್ಟದಾಗಿ ತೆಗೆದ ಫಿಲ್ಮ್, ಇದೆ. ನಮ್ಮ ಟೈಲರ್ ಭುಜ ಅನ್ನಲೇ ಇಲ್ಲ. ‘ಒಂದ್ಸಲ ಹಾಕೊಳಿ ಸಾರ್, ಶೋಲ್ಡರ್ ಕೂತ್ಕೊಳುತ್ತೆ’ ಅಂದರು, ಬೇರೆ ಯಾರಿಗೋ. ಆ ಸಾಲನ್ನೇ ಬರೆದುಕೊಂಡು ಬಂದೆ.

ಇನ್ನು ತಾಂತ್ರಿಕ ಭಾಗ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶ ಬಳಸಿದೆ. ಎರಡು ಸಾಲಿಗಿಂತ ಹೆಚ್ಚು ಹಾಕಲಿಲ್ಲ, ಆರು ಸೆಕೆಂಡಿಗಿಂತ ಹೆಚ್ಚು ಹೊತ್ತು ಯಾವ ಸಾಲನ್ನೂ ನಿಲ್ಲಿಸಲಿಲ್ಲ. ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಬೇಕು, ಇಲ್ಲದಿದ್ದರೆ ಅಕ್ಷರದ ಬದಲು ಪ್ರಶ್ನೆ ಚಿಹ್ನೆಯೋ ಅರ್ಥವಿಲ್ಲದ ಗುರುತೋ ಬರುತ್ತದೆ. ಹಾಗೆ ಉಳಿಸಿದರೂ ನಮ್ಮ ಟಿವಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಕೊಂಡವು. ಕೊನೆಗೆ ನೋಟೋ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ಸಾಲುಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಿದ ಹೊಸ ಫೈಲ್ ಮಾಡಿಕೊಂಡೆ.

ದೊಡ್ಡ ಪೆಟ್ಟು ಬಿದ್ದದ್ದು ಸಮಯದಲ್ಲಿ. ನಾನು ಕೆಲಸ ಮಾಡಿದ್ದು ಗೆಳತಿಯೊಬ್ಬಳು ಯುರೋಪಿನಿಂದ ತಂದ ಡಿವಿಡಿಯ ಮೇಲೆ. ಅಲ್ಲಿನ ಟಿವಿಗೆ ಹೊಂದಲಿ ಅಂತ, ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಸಿನಿಮಾವನ್ನು 25ರಲ್ಲಿ ಓಡಿಸಿರುತ್ತಾರೆ. ನಂತರ ಒಳ್ಳೆಯ ಬ್ಲೂ-ರೇ ತರಿಸಿದೆ. ಅದು 24ರದ್ದು, ಕರಾರುವಾಕ್ಕಾಗಿ ಹೇಳುವುದಾದರೆ 23.976. ಶುರುವಿನ ಒಂದೆರಡು ಸಾಲಿಗೆ ಅಷ್ಟಾಗಿ ಗೊತ್ತಾಗಲಿಲ್ಲ. ಗಂಟೆ ಕಳೆಯುವಷ್ಟರಲ್ಲಿ ಸಾಲುಗಳು ಎರಡು ನಿಮಿಷಕ್ಕೂ ಹೆಚ್ಚು ಮುಂದೆ ಓಡಿದ್ದವು. ಗುಟ್ಟು ಮುಚ್ಚಿಡಲು ತಿಂಗಳು ಕಷ್ಟಪಟ್ಟ ಮೇಲೆ, ಕೊಲೆಗಾರ ಬಾಯಿ ಬಿಡುವ ಮೊದಲೇ ತೆರೆಯ ಮೇಲೆ ಉತ್ತರ! ಅಳು ಬಂತು. ತಂತ್ರಾಂಶದಲ್ಲಿ ಚೌಕಟ್ಟಿನ ವೇಗ ಬದಲಿಸುವ ಆಯ್ಕೆ ಇದೆ, 25ರಿಂದ 23.976ಕ್ಕೆ. ಒತ್ತಿದರೆ ಎಲ್ಲ ಸಾಲೂ ಜಾಗಕ್ಕೆ ಬಂದವು.

ಮಾತಿಲ್ಲದ ಜಾಗವನ್ನು ಮುಟ್ಟಲಿಲ್ಲ. ರೈಲಿನಲ್ಲಿ ಕುರುಡನಂತೆ ನಟಿಸುವವನು ಕೇಕನ್ನು ಬೆರಳಲ್ಲಿ ಪುಡಿಮಾಡುತ್ತಾ ಏನೋ ತಡಕುತ್ತಾನೆ. ಅಲ್ಲಿ ತೆರೆಯ ಕೆಳಗೆ ಒಂದಕ್ಷರವೂ ಇಲ್ಲ. ಕೊನೆಯಲ್ಲಿ ವಿಲ್ಲಿ ಬಾಗಿಲು ಎಳೆದುಕೊಂಡು ಓಡುತ್ತಾನೆ, ಕೋಣೆ ಕತ್ತಲು. ಗುಂಡು ಹಾರುತ್ತದೆ. ಕಪ್ಪು ಬಾಗಿಲಿನಲ್ಲಿ ಒಂದೇ ಒಂದು ಬೆಳಕಿನ ಚುಕ್ಕೆ ಮೂಡುತ್ತದೆ. ಅಲ್ಲಿ ‘ಗುಂಡಿನ ಸದ್ದು’ ಅಂತ ಹಾಕಿದ್ದ ಸಾಲನ್ನು ಕೊನೆಯ ದಿನ ತೆಗೆದೆ.

ಒಂದು ಭಾನುವಾರ ಸಂಜೆ ಅಪ್ಪ ಮತ್ತು ಅವರ ಇಬ್ಬರು ಗೆಳೆಯರು ಕೂತು ನೋಡಿದರು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಸುರಂಗದ ದೃಶ್ಯ ಮುಗಿದಾಗ ಅಪ್ಪ ಗೆಳೆಯರ ಕಡೆ ತಿರುಗಿ, ‘ನೋಡಿದ್ಯಾ, ಈಗ ನೀನು ಅಂದ್ಲು’ ಅಂದರು. ಸಿನಿಮಾ ಮುಗಿದು ದೀಪ ಹಾಕಿದ ಮೇಲೂ ಯಾರೂ ಏಳಲಿಲ್ಲ. ಅಪ್ಪ ಕನ್ನಡಕ ಒರೆಸಿಕೊಂಡು ಹೇಳಿದರು: ‘ಪುಟ್ಟಿ, ಆ ಕೈ ನೋಡೋಳ ಹತ್ರ ಇವನು ಏನೋ ಅಂದ್ನಲ್ಲ, ಅದನ್ನ ಇನ್ನೊಂದ್ಸಲ ಹಾಕಮ್ಮ.’

ಹಾಕಿದೆ.