ಸತ್ಯದೇವರನ್ನು ಆತನ ಮಾತಿನಿಂದಲೇ ಅರಿಯುವ ಬಗೆ

ದೇವರನ್ನು ಅರಿಯಬೇಕೆಂದು ಸತ್ಯವೇದವನ್ನು (ಬೈಬಲನ್ನು) ಕೈಗೆತ್ತಿಕೊಳ್ಳುವ ವಿಶ್ವಾಸಿಗೆ ಎದುರಾಗುವ ಮೊದಲ ತೊಡಕೆಂದರೆ, ಆತನು ಇಂಥವನೇ ಎಂದು ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿರುವುದು. ಕೆಲವರಿಗೆ ಆತನು ಸದಾ ತಪ್ಪು ಹುಡುಕುವ ನ್ಯಾಯಾಧಿಪತಿ. ಇನ್ನು ಕೆಲವರಿಗೆ ಬೇಡಿದ್ದನ್ನೆಲ್ಲ ಕೊಟ್ಟು ನಮ್ಮಿಂದ ಏನನ್ನೂ ಕೇಳದ ದಾತ. ಆದ್ದರಿಂದ ದೇವರು ತನ್ನ ವಿಷಯವಾಗಿ ತಾನೇ ಆಡಿದ ಮಾತಿನಿಂದ ಅಧ್ಯಯನವನ್ನು ಆರಂಭಿಸುವುದು ಕ್ಷೇಮ. ಆ ಮಾತು ವಿಮೋಚನಕಾಂಡ 34ನೆಯ ಅಧ್ಯಾಯದ 6 ಮತ್ತು 7ನೆಯ ವಚನಗಳಲ್ಲಿದೆ.

ಈ ಎರಡು ವಚನಗಳನ್ನು ಸಂದರ್ಭದಿಂದ ಬಿಡಿಸಿ ಓದಬೇಡಿ. 32ನೆಯ ಅಧ್ಯಾಯದಿಂದ ತೊಡಗಿ ಮೂರು ಅಧ್ಯಾಯಗಳನ್ನೂ ಒಂದೇ ಬಾರಿಗೆ ಓದಿ ಮುಗಿಸಿ. ಇಸ್ರಾಯೇಲ್ಯರ ನಾಯಕನಾದ ಮೋಶೆ ಬೆಟ್ಟದ ಮೇಲಿರುವಾಗ ಆ ಜನರು ಕಿವಿಯ ಮುರುವುಗಳನ್ನು ಕರಗಿಸಿ ಬಸವನ ವಿಗ್ರಹವನ್ನು ಮಾಡಿಕೊಳ್ಳುತ್ತಾರೆ. ಆಜ್ಞೆಗಳ ಕಲ್ಲಿನ ಹಲಗೆಗಳು ಬೆಟ್ಟದ ಬುಡದಲ್ಲಿ ಒಡೆದು ಚೂರಾಗುತ್ತವೆ. ಇಷ್ಟೆಲ್ಲ ಆದ ಮೇಲೆ ಮೋಶೆ ದೇವರ ಮಹಿಮೆಯನ್ನು ನೋಡಬೇಕೆಂದು ಬೇಡುತ್ತಾನೆ. ಮುಖವನ್ನು ನೋಡಿದವರು ಬದುಕಲಾರರೆಂದು ಹೇಳಿ, ದೇವರು ಅವನನ್ನು ಬಂಡೆಯ ಸಂದಿನಲ್ಲಿ ಇರಿಸಿ, ಹಾದುಹೋಗುತ್ತಾ ತನ್ನ ಗುಣವನ್ನು ಸಾರುತ್ತಾನೆ: ಕನಿಕರ, ದಯೆ, ದೀರ್ಘಶಾಂತಿ, ಮಹಾಪ್ರೀತಿ, ನಂಬಿಗಸ್ತಿಕೆ, ಕ್ಷಮೆ, ಅದರ ಜೊತೆಯಲ್ಲಿಯೇ, ಅಪರಾಧವನ್ನು ಶಿಕ್ಷಿಸದೆ ಬಿಡದ ನ್ಯಾಯ. ಈ ಕೊನೆಯ ಅಂಶವನ್ನು ನಮ್ಮಲ್ಲಿ ಬಹಳ ಮಂದಿ ಓದಿಯೂ ಓದದಂತೆ ದಾಟಿಬಿಡುತ್ತೇವೆ. ಗುಣಗಳನ್ನು ಒಂದೊಂದಾಗಿ ಪುಸ್ತಕದಲ್ಲಿ ಬರೆದುಕೊಂಡು, ನಿಮಗೆ ಒಪ್ಪಿಗೆಯಾಗದ ಗುಣದ ಎದುರಿಗೆ ಗುರುತು ಹಾಕಿರಿ. ನಿಮ್ಮ ಅಧ್ಯಯನ ಹೆಚ್ಚು ನಡೆಯಬೇಕಾದದ್ದು ಅಲ್ಲಿಯೇ.

ಮುಂದೆ ಈ ಮಾತು ಸತ್ಯವೇದದಲ್ಲಿ ಎಲ್ಲೆಲ್ಲಿ ಮರುಧ್ವನಿಸುತ್ತದೆಂದು ಹುಡುಕಿ. ಕೀರ್ತನೆ 103ರಲ್ಲಿ ಅದು ಸ್ತುತಿಯಾಗಿದೆ. ಯೋವೇಲ 2:13ರಲ್ಲಿ ಪಶ್ಚಾತ್ತಾಪಕ್ಕೆ ಕರೆಯಾಗಿದೆ. ಯೋನ 4:2ರಲ್ಲಿಯಂತೂ ಅದು ದೂರು! ಶತ್ರುಗಳ ಪಟ್ಟಣವಾದ ನಿನೆವೆಯವರನ್ನೂ ಕ್ಷಮಿಸುವಷ್ಟು ದೇವರು ದಯಾಳುವೆಂದು ತಿಳಿದಿದ್ದರಿಂದಲೇ, ಅಲ್ಲಿಗೆ ಹೋಗೆಂದಾಗ ತಾನು ಓಡಿಹೋದೆನೆಂದು ಪ್ರವಾದಿ ಯೋನನು ಸಿಟ್ಟಾಗುತ್ತಾನೆ. ದೇವರ ಗುಣಗಳನ್ನು ಬಾಯಿಪಾಠವಾಗಿ ಹೇಳಬಲ್ಲವನೂ ಆತನ ಮನಸ್ಸಿಗೆ ದೂರವಾಗಿರಬಹುದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಅರಣ್ಯಕಾಂಡ 14ನೆಯ ಅಧ್ಯಾಯವು ಪ್ರಾರ್ಥನೆಯನ್ನು ಕಲಿಸುತ್ತದೆ. ಜನರು ತಿರುಗಿಬಿದ್ದಾಗ ಮೋಶೆ ದೇವರ ಆ ಮಾತುಗಳನ್ನೇ ದೇವರಿಗೆ ನೆನಪಿಸಿ ಕ್ಷಮೆ ಬೇಡುತ್ತಾನೆ. ಕ್ಷಮೆ ದೊರೆಯುತ್ತದೆ, ಆದರೂ ತಿರುಗಿಬಿದ್ದ ಆ ಪೀಳಿಗೆ, ದೇವರು ಕೊಡುವೆನೆಂದು ಮಾತುಕೊಟ್ಟಿದ್ದ ವಾಗ್ದತ್ತ ದೇಶವನ್ನು ಕಾಣುವುದಿಲ್ಲ. ನೀವೂ ಓದಿದ ವಾಕ್ಯವನ್ನೇ ಹಿಡಿದು, ನಿಮ್ಮ ಪಾಪವನ್ನು ಹೆಸರಿಸಿ, ಪವಿತ್ರಾತ್ಮನ ಸಹಾಯವನ್ನು ಕೇಳಿ ಪ್ರಾರ್ಥಿಸಿ. ದೀರ್ಘವಾದ ಪ್ರಾರ್ಥನೆಯೇ ಆಗಬೇಕೆಂದಿಲ್ಲ.

ಇಷ್ಟಾದ ಮೇಲೆ ಯೋಹಾನನ ಸುವಾರ್ತೆಗೆ ಬನ್ನಿ. ತಂದೆಯಾದ ದೇವರನ್ನು ತೋರಿಸೆಂದು ಯೇಸುವಿನ ಶಿಷ್ಯನಾದ ಫಿಲಿಪ್ಪನು ಕೇಳಿದ್ದು ಮೋಶೆಯ ಬೇಡಿಕೆಯೇ; ತನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆಂದು ಯೇಸು 14:9ರಲ್ಲಿ ಉತ್ತರಿಸುತ್ತಾನೆ. 17:3ರಲ್ಲಿ ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದೇ ನಿತ್ಯಜೀವವೆಂದು ಪ್ರಾರ್ಥಿಸುತ್ತಾನೆ. ಆದಕಾರಣ ಕ್ರೈಸ್ತನಿಗೆ ದೇವರ ಅರಿವೂ ಕ್ರಿಸ್ತನ ಅರಿವೂ ಎರಡು ಬೇರೆ ವಿಷಯಗಳಲ್ಲ. ಕರುಣೆ ಮತ್ತು ನ್ಯಾಯ ಹೇಗೆ ಜೊತೆಯಾಗಿ ನಿಲ್ಲಬಲ್ಲವೆಂಬ ಪ್ರಶ್ನೆಯನ್ನು ಇಟ್ಟುಕೊಂಡು ಶಿಲುಬೆಯ ವೃತ್ತಾಂತವನ್ನು ಓದಿ.

ಈ ಅರಿವು ನಿಜವೋ ಎಂಬುದನ್ನು ಪರೀಕ್ಷಿಸಲು ಯೆರೆಮೀಯ 22:13–16 ಸಾಕು. ಅರಸನಾದ ಯೆಹೋಯಾಕೀಮನು ಕೂಲಿ ಕೊಡದೆ ದುಡಿಸಿಕೊಂಡು, ದೇವದಾರಿನ ಹಲಗೆ ಹೊದಿಸಿ ಕೆಂಪು ಬಣ್ಣ ಬಳಿದ ಅರಮನೆಯನ್ನು ಕಟ್ಟುತ್ತಿದ್ದಾಗ, ಪ್ರವಾದಿ ಅವನ ತಂದೆ ಯೋಷೀಯನನ್ನು ನೆನಪಿಸುತ್ತಾನೆ: ಅವನು ದೀನದರಿದ್ರರ ನ್ಯಾಯವನ್ನು ನಡೆಸಿದನು, ದೇವರನ್ನು ಅರಿಯುವುದೆಂದರೆ ಅದೇ. ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ದುಡಿಯುವವರ ಪಟ್ಟಿಯನ್ನು ಬರೆದು, ಯಾರಿಗಾದರೂ ಕೂಲಿ ಬಾಕಿಯಿದ್ದರೆ ಮುಂದಿನ ಅಧ್ಯಾಯವನ್ನು ಓದುವುದಕ್ಕೆ ಮೊದಲು ಅದನ್ನು ತೀರಿಸಿ.