ಐಇಎಲ್‌ಟಿಎಸ್ ರೀಡಿಂಗ್‌ಗೆ ನಾನು ಸಿದ್ಧಳಾದ ಬಗೆ

ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿ ಬಯಸುವವರು ತಮಗೆ ಇಂಗ್ಲಿಷ್ ಬರುತ್ತದೆಂದು ತೋರಿಸಲು ಇರುವ ದಾರಿಗಳಲ್ಲಿ ಐಇಎಲ್‌ಟಿಎಸ್ ಪರೀಕ್ಷೆ ಒಂದು. ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಈ ಮೂರರಲ್ಲಿ ತಲಾ 7 ಬ್ಯಾಂಡ್ (ಈ ಪರೀಕ್ಷೆಯ ಅಂಕದ ಮಟ್ಟ), ರೈಟಿಂಗ್‌ನಲ್ಲಿ 6.5 ಬ್ಯಾಂಡ್ ಬೇಕು. ಕೋಲಾರದ ಆಸ್ಪತ್ರೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಲೇ ನಾನು ಈ ಪರೀಕ್ಷೆಗೆ ಓದಿದೆ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಮನೆಯ ಮಾತು ತೆಲುಗು, ಹತ್ತನೆಯ ತರಗತಿಯವರೆಗೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ನನಗೆ ಒದಗಿದ್ದು ನರ್ಸಿಂಗ್ ಪಠ್ಯಪುಸ್ತಕಗಳಿಂದ ಮತ್ತು ಕೇಸ್‌ಶೀಟಿನ ತುಂಡು ವಾಕ್ಯಗಳಿಂದ. ಆ ಇಂಗ್ಲಿಷಿಗೂ ಪರೀಕ್ಷೆಯಲ್ಲಿ ಬರುವ ಉದ್ದನೆಯ ಲೇಖನಗಳ ಇಂಗ್ಲಿಷಿಗೂ ಬಹಳ ಅಂತರವಿದೆ. ಇಲ್ಲಿ ರೀಡಿಂಗ್ ಭಾಗದ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ವ್ಯಾಕರಣವನ್ನೂ ಪದಗಳನ್ನೂ ನಾನು ಅದರೊಳಗೇ ಕಲಿತೆ.

ನಾನು ಓದಿದ ಅಕಾಡೆಮಿಕ್ ಬಗೆಯ ಐಇಎಲ್‌ಟಿಎಸ್‌ನ ರೀಡಿಂಗ್‌ನಲ್ಲಿ ಮೂರು ದೀರ್ಘ ಲೇಖನಗಳು, 40 ಪ್ರಶ್ನೆಗಳು, 60 ನಿಮಿಷಗಳು. ಸುಮಾರು 30 ಉತ್ತರಗಳು ಸರಿಯಾದರೆ 7 ಬ್ಯಾಂಡ್ ದೊರೆಯುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ಲೆಕ್ಕವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡರೆ, ಲೇಖನದ ಪ್ರತಿಯೊಂದು ಪದವೂ ಅರ್ಥವಾಗಬೇಕೆಂಬ ಭಯ ತಾನಾಗಿಯೇ ಕಡಿಮೆಯಾಗುತ್ತದೆ.

ಅಭ್ಯಾಸವನ್ನು ನಾನು ಆರಂಭಿಸಿದ್ದು ನಮ್ಮ ಜಿಲ್ಲೆಯ ಬಗ್ಗೆ ಇಂಗ್ಲಿಷಿನಲ್ಲಿ ಇರುವ ಬರಹಗಳಿಂದ. ಕೋಲಾರದ ಚಿನ್ನದ ಗಣಿಗಳ ಬಗ್ಗೆ ಅಂಥ ಲೇಖನಗಳು ಧಾರಾಳವಾಗಿ ಸಿಗುತ್ತವೆ. 1880ರ ದಶಕದಲ್ಲಿ ಬ್ರಿಟನ್ನಿನ ಗಣಿ ಕಂಪನಿ ಜಾನ್ ಟೇಲರ್ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದು, ಇವೆಲ್ಲ ನಮ್ಮ ಕಡೆಯವರು ಕೇಳಿಕೊಂಡೇ ಬೆಳೆದ ಸಂಗತಿಗಳು. ವಿಷಯ ಮೊದಲೇ ತಿಳಿದಿದ್ದರೆ ಗಮನವನ್ನೆಲ್ಲ ವಾಕ್ಯಗಳ ಮೇಲೆ ಇಡಬಹುದು, ಗೊತ್ತಿಲ್ಲದ ಪದದ ಅರ್ಥವೂ ಸುತ್ತಲಿನ ಮಾತುಗಳಿಂದ ಹೊಳೆಯುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ನನಗೆ ಕಾಣುವುದಿಲ್ಲ.

ಆದರೆ ತಿಳಿದ ವಿಷಯವೇ ಉತ್ತರ ಬರೆಯುವಾಗ ತೊಡಕಾಗುತ್ತದೆ. ಪರೀಕ್ಷೆಯಲ್ಲಿ ಒಂದು ಹೇಳಿಕೆ ಕೊಟ್ಟು ಅದು ಟ್ರೂ, ಫಾಲ್ಸ್ ಅಥವಾ ನಾಟ್ ಗಿವನ್ ಎಂದು ಗುರುತಿಸಲು ಕೇಳುತ್ತಾರೆ. ಇದಕ್ಕಾಗಿ ಗಣಿಯ ಲೇಖನದ ಮೇಲೆ ನಾನೇ ಹೇಳಿಕೆಗಳನ್ನು ಬರೆದುಕೊಂಡೆ. ಚಿನ್ನ ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿದ್ದರಿಂದ ಗಣಿ ಮುಚ್ಚಿತು ಎಂಬ ಹೇಳಿಕೆ ಲೇಖನದಲ್ಲಿಯೇ ಇತ್ತು, ಆದ್ದರಿಂದ ಅದು ಟ್ರೂ. ವಿದ್ಯುತ್ ಬಂದ ನಂತರವೇ ಗಣಿಗಾರಿಕೆ ಶುರುವಾಯಿತು ಎಂಬುದನ್ನು ಲೇಖನದ ಇಸವಿಗಳೇ ಅಲ್ಲಗಳೆಯುತ್ತವೆ, ಆದ್ದರಿಂದ ಅದು ಫಾಲ್ಸ್. ಗಣಿ ಮುಚ್ಚಿದ ಮೇಲೆ ಅಲ್ಲಿನ ಅನೇಕರು ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ ಎಂಬುದು ನಮ್ಮ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ನಿಜ, ಆದರೆ ಆ ಲೇಖನದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹಾಗಾಗಿ ಉತ್ತರ ನಾಟ್ ಗಿವನ್. ವಾರ್ಡಿನಲ್ಲಿ ನಮಗೆ ಮೊದಲ ದಿನದಿಂದ ಕಲಿಸುವ ಶಿಸ್ತೂ ಇದೇ: ಕೇಸ್‌ಶೀಟಿನಲ್ಲಿ ಬರೆಯದ ಇಂಜೆಕ್ಷನ್ ಕೊಟ್ಟಂತೆ ಅಲ್ಲ, ಕೊಟ್ಟವರು ಎದುರಿಗೇ ನಿಂತಿದ್ದರೂ ಸರಿ. ಲೇಖನವನ್ನು ಕೇಸ್‌ಶೀಟಿನಂತೆ ಓದಲು ತೊಡಗಿದ ಮೇಲೆ ಈ ಬಗೆಯ ಪ್ರಶ್ನೆಗಳು ನನಗೆ ಎಲ್ಲಕ್ಕಿಂತ ಸ್ಪಷ್ಟವಾದವು.

ಹೀಗಾಗಿ ಸಾಕ್ಷಿಯಿಲ್ಲದ ಉತ್ತರ ಬರೆಯಬಾರದೆಂಬುದನ್ನು ಅಭ್ಯಾಸದ ನಿಯಮ ಮಾಡಿಕೊಂಡೆ. ಲೇಖನದ ಸಾಲುಗಳಿಗೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ಪ್ರತಿ ಉತ್ತರದ ಪಕ್ಕದಲ್ಲಿ ಅದಕ್ಕೆ ಆಧಾರವಾದ ಸಾಲಿನ ಸಂಖ್ಯೆಯನ್ನೂ ಕಾರಣವನ್ನೂ ಬರೆಯುತ್ತಿದ್ದೆ. ಸರಿಯಾದ ಉತ್ತರಕ್ಕೂ ಇದು ಅನ್ವಯಿಸುತ್ತಿತ್ತು, ಏಕೆಂದರೆ ಊಹೆಯಿಂದ ಸರಿಹೋದ ಉತ್ತರ ಮುಂದಿನ ಸಲ ಕೈಕೊಡುತ್ತದೆ. ನನ್ನ ಜೊತೆ ಓದುತ್ತಿದ್ದ ಕಿರಿಯ ಸಹೋದ್ಯೋಗಿಯೊಬ್ಬಳು ನಾನು ಉತ್ತರ ಹೇಳಿದೊಡನೆ "ಎಲ್ಲಿದೆ ತೋರಿಸಿ ಅಕ್ಕ" ಎನ್ನುತ್ತಿದ್ದಳು. ನಾನೂ ಅವಳನ್ನು ಹಾಗೆಯೇ ಕೇಳುತ್ತಿದ್ದೆ. ಇಬ್ಬರು ಕೂತು ಹೀಗೆ ಒಂದೇ ಲೇಖನವನ್ನು ಪೂರ್ತಿ ವಿಚಾರಿಸುವುದು, ಒಬ್ಬರೇ ಕೂತು ಮಾದರಿ ಪ್ರಶ್ನೆಪತ್ರಿಕೆಗಳನ್ನು ಒಂದರ ಮೇಲೊಂದು ಮುಗಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ.

ಕಾರಣ ಬರೆಯುತ್ತ ಹೋದಂತೆ ಯಾವ ವ್ಯಾಕರಣ ಕಲಿಯಬೇಕೆಂಬುದೂ ತಿಳಿಯಿತು. ನಾನು ಸಾಲನ್ನು ಸರಿಯಾಗಿ ಹಿಡಿದರೂ ಅರ್ಥ ಜಾರುತ್ತಿದ್ದದ್ದು ಉದ್ದನೆಯ ವಾಕ್ಯಗಳಲ್ಲಿ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ "ನಿನ್ನೆ ರಾತ್ರಿ ದಾಖಲಾದ ರೋಗಿ" ಎಂಬಂತೆ ವಿವರ ಮೊದಲು ಬಂದು ಹೆಸರು ಆಮೇಲೆ ಬರುತ್ತದೆ, ಕ್ರಿಯಾಪದ ಕೊನೆಯಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹೆಸರು ಮೊದಲು ಬಂದು ವಿವರ ಅದರ ನಂತರ ಬರುತ್ತದೆ, ಆ ವಿವರ ಕರ್ತೃಪದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ ಹಲವು ಪದಗಳ ಅಂತರ ತಂದಿಡುತ್ತದೆ. "ದಿ ಡ್ರಗ್ ಗಿವನ್ ಟು ದಿ ಫಸ್ಟ್ ಗ್ರೂಪ್ ರೆಡ್ಯೂಸ್ಡ್ ದಿ ಪೇನ್" ಎಂಬ ವಾಕ್ಯವನ್ನು ನೋಡಿ. ಗಿವನ್ ಎಂಬುದು ಕ್ರಿಯಾಪದದಂತೆ ಕಂಡರೂ ಅದು ಡ್ರಗ್ ಎಂಬುದಕ್ಕೆ ಸೇರಿದ ವಿವರ. ವಾಕ್ಯದ ಮುಖ್ಯ ಕ್ರಿಯಾಪದ ರೆಡ್ಯೂಸ್ಡ್. ಹೂ, ವಿಚ್, ದಟ್ ಎಂಬ ಗುರುತುಗಳು ಬಿಟ್ಟುಹೋದಾಗ ಈ ತೊಡಕು ಇನ್ನೂ ಹೆಚ್ಚು. ನಡುವಿನ ವಿವರವನ್ನು ಆವರಣದೊಳಗೆ ಹಾಕಿ, ಮುಖ್ಯ ಕ್ರಿಯಾಪದದ ಕೆಳಗೆ ಗೆರೆ ಎಳೆಯುವುದನ್ನು ಪ್ರತಿದಿನ ಒಂದು ಪ್ಯಾರಾದ ಮೇಲೆ ಮಾಡುತ್ತಿದ್ದೆ. ಮುಂದೆ ಪೆನ್ಸಿಲ್ ಇಲ್ಲದೆಯೂ ಕಣ್ಣು ಆ ಕೆಲಸ ಮಾಡತೊಡಗಿತು.

ಇದರ ಜೊತೆಗೆ ಸಮ್, ಮೋಸ್ಟ್, ಆಲ್, ಓನ್ಲಿ, ಮೇ, ಮಸ್ಟ್ ಮುಂತಾದ ಸಣ್ಣ ಪದಗಳಿಗೆ ಸುತ್ತು ಹಾಕುತ್ತಿದ್ದೆ. ಕೆಲವು ರೋಗಿಗಳಿಗೆ ಗುಣವಾಗಬಹುದು ಎಂದು ಲೇಖನ ಹೇಳಿ, ಹೆಚ್ಚಿನವರಿಗೆ ಗುಣವಾಗುತ್ತದೆ ಎಂದು ಪ್ರಶ್ನೆ ಹೇಳಿದರೆ ಉಳಿದೆಲ್ಲ ಪದಗಳು ಹೊಂದಿಕೊಂಡರೂ ಉತ್ತರ ಬದಲಾಗುತ್ತದೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಬೇಕಾದದ್ದು ನಾಮಪದವೋ ಗುಣವಾಚಕವೋ, ಏಕವಚನವೋ ಬಹುವಚನವೋ ಎಂಬುದನ್ನು ಲೇಖನಕ್ಕೆ ಮರಳುವ ಮೊದಲೇ ನಿರ್ಧರಿಸಿಕೊಳ್ಳಬೇಕು. ಎರಡು ಪದಗಳಿಗೆ ಮೀರಬಾರದು ಎಂದಿದ್ದಾಗ ಮೂರು ಬರೆದರೆ ಅಂಕವಿಲ್ಲ, ಕಾಗುಣಿತ ತಪ್ಪಿದರೂ ಇಲ್ಲ. ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಅಗತ್ಯ ನನಗೆ ಬರಲಿಲ್ಲ. ಬ್ಯಾಂಕ್ ಅಥವಾ ಎಸ್‌ಎಸ್‌ಸಿ ಪರೀಕ್ಷೆ ಬರೆಯುವವರ ಮಾತು ಬೇರೆ. ಅಲ್ಲಿ ವಾಕ್ಯದೋಷ ಹುಡುಕುವ ಪ್ರಶ್ನೆಗಳು ನೇರವಾಗಿಯೇ ಬರುತ್ತವೆ.

ಪದಗಳಿಗೆ ಬಂದರೆ, ನ್ಯೂಜಿಲೆಂಡಿನ ವಿದ್ವಾಂಸೆ ಏವರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ, 570 ಪದಕುಟುಂಬಗಳ (ಒಂದೇ ಮೂಲದ ಪದಗಳ ಗುಂಪುಗಳ) ಅಕಾಡೆಮಿಕ್ ವರ್ಡ್ ಲಿಸ್ಟ್ ನನಗೆ ಗಡಿಯನ್ನು ತೋರಿಸಿತು. ಹೆಚ್ಚು ಬಳಕೆಯವು ಮೊದಲು ಬರುವಂತೆ ಅದನ್ನು ಹತ್ತು ಭಾಗ ಮಾಡಿದ್ದಾರೆ. ಆದರೆ ಪಟ್ಟಿಯನ್ನು ಬಾಯಿಪಾಠ ಮಾಡಲಿಲ್ಲ. ಓದಿದ ಲೇಖನದಲ್ಲಿ ಎದುರಾದ ಪದ ಆ ಪಟ್ಟಿಯಲ್ಲಿದ್ದರೆ ಮಾತ್ರ ಅದನ್ನು ವಾಕ್ಯದ ಸಮೇತ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಅದಕ್ಕಿಂತ ಮುಖ್ಯವಾದದ್ದು ಜೋಡಿಗಳ ಪುಟ. ಲೇಖನದಲ್ಲಿರುವ ಪದವನ್ನು ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಹಾಗೆಯೇ ಕೊಡುವುದಿಲ್ಲ. ಲೇಖನದಲ್ಲಿ ಡಿಕ್ಲೈನ್ ಇದ್ದರೆ ಪ್ರಶ್ನೆಯಲ್ಲಿ ಫಾಲ್, ಲೇಖನದಲ್ಲಿ ಸ್ಕೇರ್ಸ್ ಇದ್ದರೆ ಪ್ರಶ್ನೆಯಲ್ಲಿ ಇನ್ ಶಾರ್ಟ್ ಸಪ್ಲೈ. ಉತ್ತರ ತಾಳೆ ನೋಡಿದ ಮೇಲೆ ಇಂಥ ಜೋಡಿಗಳನ್ನು ಎದುರುಬದುರಾಗಿ ಬರೆದುಕೊಂಡು, ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ ಒಂದು ಬದಿ ಮುಚ್ಚಿ ಇನ್ನೊಂದನ್ನು ನೆನೆಯುತ್ತಿದ್ದೆ. ಪ್ರಶ್ನೆಗಳು ಮುಗಿಯುವವರೆಗೆ ನಿಘಂಟು ತೆರೆಯುತ್ತಿರಲಿಲ್ಲ.

ಗಡಿಯಾರವನ್ನು ನಾನು ತಂದದ್ದು ತಡವಾಗಿ, ಸಾಕ್ಷಿ ತೋರಿಸುವುದು ಅಭ್ಯಾಸವಾದ ಮೇಲೆಯೇ. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ ಪೂರ್ಣ ಪರೀಕ್ಷೆ ಬರೆಯುವುದು ವ್ಯರ್ಥ, ದಣಿದ ಕಣ್ಣಿನ ಅಂಕಗಳಿಂದ ಏನೂ ತಿಳಿಯುವುದಿಲ್ಲ. ಅಂಥ ದಿನ ಒಂದು ಪ್ಯಾರಾ ಸಾಕು. ವಾರದ ರಜೆಯಲ್ಲಿ ಗ್ರಂಥಾಲಯದಲ್ಲಿ ಕೂತು, ಫೋನ್ ಬಂದ್ ಮಾಡಿ, 60 ನಿಮಿಷ ಒಂದೇ ಸಮನೆ ಬರೆಯುತ್ತಿದ್ದೆ. ಲೇಖನಗಳು ಬರುಬರುತ್ತ ಕಠಿಣವಾಗುವುದರಿಂದ ಮೊದಲನೆಯದಕ್ಕೆ 17, ಎರಡನೆಯದಕ್ಕೆ 20, ಮೂರನೆಯದಕ್ಕೆ 23 ನಿಮಿಷ ಇಟ್ಟುಕೊಂಡೆ. ರೀಡಿಂಗ್‌ನಲ್ಲಿ ಉತ್ತರಗಳನ್ನು ನಕಲು ಮಾಡಲು ಬೇರೆ ಸಮಯ ಕೊಡುವುದಿಲ್ಲವಾದ್ದರಿಂದ ಕಾಗದದ ಮೇಲೆ ಬರೆಯುವವರು ನೇರವಾಗಿ ಉತ್ತರ ಹಾಳೆಯಲ್ಲಿಯೇ ಬರೆಯುವುದು ಒಳಿತು. ಒಂದೂವರೆ ನಿಮಿಷ ಹುಡುಕಿದರೂ ಸಾಲು ಸಿಗದ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಸಾಕ್ಷಿಯ ನಿಯಮವನ್ನು ಕೊನೆಯ ನಿಮಿಷದಲ್ಲಿ ಮಾತ್ರ ಸಡಿಲಿಸಬೇಕು: ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ, ಗುರುತು ಹಾಕಿ ಬಿಟ್ಟ ಪ್ರಶ್ನೆಗಳಿಗೂ ತೋಚಿದ ಉತ್ತರ ಬರೆದು, 40ರಲ್ಲಿ ಒಂದನ್ನೂ ಖಾಲಿ ಬಿಡದೆ ಮುಗಿಸಬೇಕು.