ಹೆಸರು ಗೊತ್ತಿಲ್ಲದ ಟ್ಯೂನ್ ಹುಡುಕುವ ನನ್ನ ದಾರಿ

ವಿರಾಜಪೇಟೆಯಲ್ಲಿ ಮನೆಯಲ್ಲೇ ಪಿಯಾನೋ, ಕೀಬೋರ್ಡ್ ಹೇಳಿಕೊಡುತ್ತೇನೆ. ಹೊಸದಾಗಿ ಸೇರುವವರಲ್ಲಿ ಹೆಚ್ಚಿನವರ ತಲೆಯಲ್ಲಿ ಒಂದು ಟ್ಯೂನ್ ಮೊದಲೇ ಕೂತಿರುತ್ತದೆ. ಅದನ್ನು ಕಲಿಯಬೇಕು ಅಂತಲೇ ಬಂದಿರುತ್ತಾರೆ. ಹೆಸರು ಮಾತ್ರ ಗೊತ್ತಿರುವುದಿಲ್ಲ. "ಮಿಸ್, ಅದು ಇದೆಯಲ್ಲ, ಟಿಣಿಟಿಣಿ ಅಂತ ಬರುತ್ತಲ್ಲ" ಎಂದು ಕೈ ಆಡಿಸುತ್ತಾರೆ.

ಹಾಡಾದರೆ ಈ ಕಷ್ಟ ಇಲ್ಲ. ನಮ್ಮಲ್ಲಿ ಹಾಡಿನ ಮೊದಲ ಸಾಲೇ ಅದರ ಹೆಸರು. ದಾಸರ ಪದವಾಗಲಿ, ಸಿನಿಮಾ ಹಾಡಾಗಲಿ, ಪಲ್ಲವಿ ಹೇಳಿದರೆ ಮುಗಿಯಿತು. ಪಿಯಾನೋಗೆಂದು ಬರೆದದ್ದರಲ್ಲಿ ಮಾತೇ ಇಲ್ಲ. ಬರೆದವರೂ ಎಷ್ಟೋ ಸಲ ಹೆಸರಿಡುವ ಗೋಜಿಗೆ ಹೋಗದೆ 'ಸೊನಾಟಾ ಇಷ್ಟನೇ ನಂಬರು' (ಸೊನಾಟಾ ಅಂದರೆ ಕೆಲವು ಭಾಗಗಳಿರುವ ದೊಡ್ಡ ತುಣುಕು) ಎಂದು ಬಿಟ್ಟಿದ್ದಾರೆ. ಹಾಗಿರುವಾಗ ಕೇಳಿದವರ ಬಾಯಲ್ಲಿ ಹೆಸರು ನಿಲ್ಲುವುದಾದರೂ ಹೇಗೆ?

ಹಾಗಾಗಿ ನಾನು ಹೆಸರು ಕೇಳುವುದೇ ಇಲ್ಲ. ಎಲ್ಲಿ ಕೇಳಿದ್ದು ಅಂತ ಕೇಳುತ್ತೇನೆ. ಅರ್ಧ ಕೆಲಸ ಅಲ್ಲೇ ಆಗಿಹೋಗುತ್ತದೆ.

ಕಾಫಿ ಕೊಯ್ಲಿನ ಸಮಯದಲ್ಲಿ ಪಿಕಪ್ ಕಣಕ್ಕೆ ಹಿಮ್ಮುಖವಾಗಿ ಬರುವಾಗ ಕೇಳಿದ್ದು ಅಂದರೆ, ಅದು ಬಹುತೇಕ ಬೀಥೋವನ್ ಬರೆದ 'ಫ್ಯೂರ್ ಎಲೀಸ್'. ರಿವರ್ಸ್ ಹಾರ್ನ್ ಮಾಡುವವರಿಗೆ ಇದರ ಮೇಲೆ ಅದೇನು ಪ್ರೀತಿಯೋ. ಫೋನಿನಲ್ಲಿ "ದಯವಿಟ್ಟು ಕಾಯಿರಿ" ಎಂದ ಮೇಲೆ ಬರುವುದೂ ಎಷ್ಟೋ ಸಲ ಇದೇ. ಬೀಥೋವನ್ ಇದನ್ನು ಬರೆದದ್ದು 1810ರಲ್ಲಿ. ಅವನು ತೀರಿಕೊಂಡದ್ದು 1827ರಲ್ಲಿ. ಅಚ್ಚಾದದ್ದು 1867ರಲ್ಲಿ! ಆ ಎಲೀಸ್ ಯಾರು ಎಂಬ ವಾದ ಇವತ್ತಿಗೂ ಮುಗಿದಿಲ್ಲ. ತೈವಾನ್‌ನಲ್ಲಿ ಕಸದ ಲಾರಿ ಇದೇ ಟ್ಯೂನ್ ಹಾಕಿಕೊಂಡು ಬೀದಿಗೆ ಬರುತ್ತದೆ. ಅಲ್ಲಿನ ಲಾರಿಗಳ ಇನ್ನೊಂದು ಟ್ಯೂನ್ 'ಎ ಮೇಡನ್ಸ್ ಪ್ರೇಯರ್', ಪೋಲೆಂಡಿನ ಟೆಕ್ಲಾ ಬೊಂದಾಜೆವ್‌ಸ್ಕಾ ಎಂಬಾಕೆ ಬರೆದದ್ದು. ಅದೂ ಕಿವಿಗೆ ಬಿದ್ದೇ ಇರುತ್ತದೆ. ಹೆಸರು ಹೇಳಿ ನೋಡಿ, ಒಬ್ಬರಿಗೂ ಗೊತ್ತಿರುವುದಿಲ್ಲ.

ಮನೆಯ ಗೋಡೆ ಗಡಿಯಾರದಲ್ಲಿ ಗಂಟೆಗೊಮ್ಮೆ ಬರುವುದು ಅಂದರೆ ವೆಸ್ಟ್‌ಮಿನ್‌ಸ್ಟರ್ ಚೈಮ್ಸ್. ಇದು ಪಿಯಾನೋಗೆ ಬರೆದದ್ದಲ್ಲ, ಗಂಟೆಗಳಿಗೆ ಬರೆದದ್ದು. 1793ರಲ್ಲಿ ಕೇಂಬ್ರಿಜ್‌ನ ಚರ್ಚೊಂದರಲ್ಲಿ ಶುರುವಾಗಿ ಆಮೇಲೆ ಲಂಡನ್ನಿನ ಬಿಗ್ ಬೆನ್ ಗೋಪುರಕ್ಕೆ ಹೋಯಿತು. ಇರುವುದು ನಾಲ್ಕೇ ಸ್ವರ. ಮೊದಲ ಸಾಲು ಗ, ರಿ, ಸ, ಆಮೇಲೆ ಕೆಳಗಿನ ಪ. ಉಳಿದ ಸಾಲುಗಳೂ ಅವೇ ನಾಲ್ಕನ್ನು ಹಿಂದೆ ಮುಂದೆ ಮಾಡಿದ್ದು. ಚಿಕ್ಕ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬಹುದು, ಮನೆಗೆ ಹೋಗಿ ಗಡಿಯಾರದ ಜೊತೆಗೇ ನುಡಿಸಿ ಅಜ್ಜಿಯನ್ನು ಗಾಬರಿ ಮಾಡುತ್ತಾರೆ.

ರೆಸಾರ್ಟ್‌ನ ರಿಸೆಪ್ಷನ್‌ನಲ್ಲಿ ನಿಧಾನಕ್ಕೆ, ನಿದ್ದೆ ಬರುವ ಹಾಗೆ ಕೇಳಿಸುತ್ತಿತ್ತು ಅಂದರೆ ನನ್ನ ಮೊದಲ ಊಹೆ ಎರಿಕ್ ಸಾಟಿ 1888ರಲ್ಲಿ ಬರೆದ 'ಜಿಮ್ನೊಪೆಡಿ' ನಂಬರ್ ಒಂದು. ಎಡಗೈಯಲ್ಲಿ ಒಂದು ತಗ್ಗಿನ ಸ್ವರ, ಅದರ ಹಿಂದೆ ಒಂದು ಕಾರ್ಡ್ (ಒಟ್ಟಿಗೇ ಒತ್ತುವ ಕೆಲವು ಸ್ವರಗಳು), ಮತ್ತೆ ತಗ್ಗಿನ ಸ್ವರ, ಮತ್ತೆ ಕಾರ್ಡ್. ಇಡೀ ತುಣುಕೇ ಹೀಗೆ ತೂಗುತ್ತಾ ಹೋಗುತ್ತದೆ. ಅದಲ್ಲ ಅಂದರೆ ಡೆಬ್ಯುಸಿಯ 'ಕ್ಲೇರ್ ದ ಲೂನ್'. ಹೋಂಸ್ಟೇ ನಡೆಸುವ ಪರಿಚಯದವರೊಬ್ಬರು ಸಾಟಿಯ ಹೆಸರು ಕೇಳಿ, "ಅಯ್ಯೋ ಮೇಡಂ, ನಾನು ಇದು ಯೋಗದ ಮ್ಯೂಸಿಕ್ ಅಂದ್ಕೊಂಡಿದ್ದೆ" ಎಂದರು. ಅವರು ಹಾಕಿದ್ದ ಸಿ.ಡಿ. ಮೇಲೆ ಬರೀ 'ರಿಲ್ಯಾಕ್ಸ್' ಅಂತ ಇತ್ತಂತೆ.

ಎಲ್ಲಿ ಕೇಳಿದ್ದು ಅನ್ನುವುದೂ ನೆನಪಿಲ್ಲ ಅಂದಾಗ ಗುನುಗಲು ಹೇಳುತ್ತೇನೆ. ದೊಡ್ಡವರು ನಾಚಿಕೊಳ್ಳುತ್ತಾರೆ. ಶ್ರುತಿ ತಪ್ಪಿದರೆ ಏನೂ ತೊಂದರೆ ಇಲ್ಲ ಅಂತ ಮೊದಲೇ ಹೇಳಿಬಿಡಬೇಕು. ನನಗೆ ಬೇಕಾದ್ದು ಸರಿಯಾದ ಸ್ವರ ಅಲ್ಲ. ಹಿಂದಿನ ಸ್ವರಕ್ಕಿಂತ ಮುಂದಿನದು ಮೇಲೆ ಹೋಯಿತಾ, ಕೆಳಗೆ ಬಂತಾ, ಅಲ್ಲೇ ನಿಂತಿತಾ, ಅಷ್ಟೇ. ಹಾಳೆಯ ಮೇಲೆ ಮೇ, ಕೆ, ಅ ಎಂದು ಬರೆದುಕೊಳ್ಳುತ್ತೇನೆ. ಅ ಅಂದರೆ ಅದೇ ಸ್ವರ. ಇದು ನನ್ನ ಬುದ್ಧಿಯಲ್ಲ. ಡೆನಿಸ್ ಪಾರ್ಸನ್ಸ್ ಎಂಬ ಇಂಗ್ಲೆಂಡಿನವರು 1975ರಲ್ಲಿ ಇದೇ ಉಪಾಯದಿಂದ ಸಾವಿರಾರು ಟ್ಯೂನ್‌ಗಳನ್ನು ಡಿಕ್ಷನರಿಯಂತೆ ಜೋಡಿಸಿ ಪುಸ್ತಕ ಮಾಡಿದರು. ನಾನು ಅದನ್ನು ಕನ್ನಡಕ್ಕೆ ಒಗ್ಗಿಸಿಕೊಂಡಿದ್ದೇನೆ.

ಫ್ಯೂರ್ ಎಲೀಸ್ ತೆಗೆದುಕೊಳ್ಳಿ. ಅದು ಕೆ ಮೇ ಕೆ ಮೇ ಕೆ ಮೇ ಕೆ ಕೆ. ಶುರುವಿನಲ್ಲೇ ಇಷ್ಟು ಹೊತ್ತು ಕೆಳಗೆ ಮೇಲೆ ಕುಣಿಯುವ ಟ್ಯೂನ್ ಜಾಸ್ತಿ ಇಲ್ಲ. ಕರ್ನಾಟಕ ಸಂಗೀತ ಕಲಿತವರಿಗೆ ಸ್ವರದಲ್ಲೇ ಹೇಳುತ್ತೇನೆ: ಪ ಮ ಪ ಮ ಪ ರಿ ಮ ಗ ಸ. ಇದರಲ್ಲಿ ಮೊದಲೆರಡು ಪ್ರತಿ ಮಧ್ಯಮ, ಮೂರನೆಯದು ಶುದ್ಧ ಮಧ್ಯಮ. ಒಂದೇ ಉಸಿರಿನಲ್ಲಿ ಎರಡೂ ಮಧ್ಯಮ ಬರುತ್ತವೆ. ಕಿವಿಗೆ ಅದು ಅಂಟಿಕೊಳ್ಳುವುದು ಇದಕ್ಕೇ ಅಂತ ನನ್ನ ಅನಿಸಿಕೆ.

ಪಿಯಾನೋ ಕಲಿಯುವ ಮಕ್ಕಳೆಲ್ಲ ನುಡಿಸುವ ಜಿ ಮೇಜರ್ ಮಿನುಯೆಟ್ ಎಂಬ ಕುಣಿತದ ತುಣುಕು ಇದೆ. ಅದು ಕೆ ಮೇ ಮೇ ಮೇ ಮೇ ಕೆ ಅ. ಒಮ್ಮೆ ಇಳಿದು, ನಾಲ್ಕು ಮೆಟ್ಟಿಲು ಹತ್ತಿ, ಮತ್ತೆ ಇಳಿದು ಅಲ್ಲೇ ಒಂದು ಸಲ ತಟ್ಟುತ್ತದೆ. ಬಾಖ್ ತನ್ನ ಹೆಂಡತಿಗೆ ಕೊಟ್ಟ 1725ರ ನೋಟ್‌ಬುಕ್ಕಿನಲ್ಲಿ ಇದ್ದದ್ದರಿಂದ ಬಾಖ್‌ನದೇ ಅಂತ ಬಹಳ ಕಾಲ ನಂಬಿದ್ದರು. ನಿಜವಾಗಿ ಬರೆದವನು ಕ್ರಿಸ್ಟಿಯಾನ್ ಪೆಟ್ಸೋಲ್ಡ್. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಕಲಿಕೆಯ ಪುಸ್ತಕಗಳಲ್ಲಿ ಈಗಲೂ ಬಾಖ್ ಅಂತಲೇ ಅಚ್ಚಾಗಿದೆ. ನಮ್ಮ ಮಕ್ಕಳು ಆ ಹೆಸರಿಗೆ ಗೆರೆ ಎಳೆದು ಪೆಟ್ಸೋಲ್ಡ್ ಅಂತ ಬರೆಯುತ್ತಾರೆ. ನನಗೆ ಅದು ಖುಷಿ.

ಈ ಲೆಕ್ಕ ಕೈಕೊಡುವ ಜಾಗವೂ ಇದೆ. ಸಿನಿಮಾ, ಕಾಮಿಡಿ ಶೋಗಳಲ್ಲಿ ಯಾರಾದರೂ ಸತ್ತ ಹಾಗೆ ಬಿದ್ದಾಗ ಬರುವ "ಡಂ, ಡಂ ಡ-ಡಂ" ಗೊತ್ತಲ್ವಾ? ಅದು ಶೊಪ್ಯಾನ್‌ನ ಎರಡನೇ ಪಿಯಾನೋ ಸೊನಾಟಾದ ಮೂರನೇ ಭಾಗ, ಶವಯಾತ್ರೆಯ ನಡಿಗೆ. ಶುರುವಿನಲ್ಲಿ ಸ್ವರ ಅಲ್ಲಾಡುವುದೇ ಇಲ್ಲ, ಹಾಳೆ ತುಂಬ ಅ ಅ ಅ. ಇಂಥದ್ದಕ್ಕೆ ಮೇಜು ತಟ್ಟಿಸಿ ಲಯ ನೋಡಬೇಕು. ತಟ್ಟಿದ ತಕ್ಷಣ ಗೊತ್ತಾಗುತ್ತದೆ. 1849ರಲ್ಲಿ ಪ್ಯಾರಿಸ್‌ನಲ್ಲಿ ಶೊಪ್ಯಾನ್‌ನನ್ನೇ ಮಣ್ಣು ಮಾಡುವಾಗಲೂ ಇದನ್ನೇ ನುಡಿಸಿದರು.

ಫೋನ್ ಇರುವಾಗ ಇಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ಸರಿ, ನಾನೂ ಬಳಸುತ್ತೇನೆ. 2020ರ ಅಕ್ಟೋಬರ್‌ನಿಂದ ಗೂಗಲ್‌ನಲ್ಲಿ ಗುನುಗಿ ಹುಡುಕಬಹುದು, 10ರಿಂದ 15 ಸೆಕೆಂಡ್ ಗುನುಗಿದರೆ ಸಾಕು. ಶಝಾಮ್ ಎಂಬ ಆ್ಯಪ್ ಬೇರೆ, ಅದಕ್ಕೆ ರೆಕಾರ್ಡಿಂಗ್ ಕೇಳಿಸಬೇಕು, ನಮ್ಮ ಗಂಟಲು ಅದಕ್ಕೆ ಆಗಿಬರುವುದಿಲ್ಲ. ಆದರೆ ಜೂನ್ ಜುಲೈ ಮಳೆಯಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ಹಾಳೆ, ಪೆನ್ನೇ ಗತಿ. (ಅದೇ ಮಳೆಗೆ ನನ್ನ ಹಳೇ ಪಿಯಾನೋದ ಕೀಗಳು ತೇವ ಕುಡಿದು ಒತ್ತಿದಲ್ಲೇ ಕೂತುಬಿಡುತ್ತವೆ. ಮಳೆ ಬಿಡುವವರೆಗೆ ಪಾಠ ಎಲ್ಲ ಕೀಬೋರ್ಡ್ ಮೇಲೆ, ಕರೆಂಟ್ ಇದ್ದರೆ.)

ಫೋನ್ ಹೆಸರು ಹೇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಜನಕ್ಕೆ ನೆನಪಿರುವುದು ಶುರುವಿನ ಭಾಗವೇ ಆಗಬೇಕೆಂದಿಲ್ಲ. ಒಬ್ಬ ಹುಡುಗ ಬಂದು, "ಟಾಮ್ ಕೋಟು ಹಾಕ್ಕೊಂಡು ಪಿಯಾನೋ ನುಡಿಸ್ತಾನಲ್ಲ ಮಿಸ್, ಒಳಗೆ ಜೆರ್ರಿ ಮಲಗಿರ್ತಾನೆ, ಅದು" ಎಂದ. ಅದು 'ದ ಕ್ಯಾಟ್ ಕನ್ಸರ್ಟೊ' ಎಂಬ 1947ರ ಕಾರ್ಟೂನ್, ಟ್ಯೂನ್ ಫ್ರಾನ್ಸ್ ಲಿಸ್ಟ್‌ನ ಹಂಗೇರಿಯನ್ ರಾಪ್ಸಡಿ ನಂಬರ್ ಎರಡು. ನಾನು ರೆಕಾರ್ಡಿಂಗ್ ಹಾಕಿದೆ. ಗಂಭೀರವಾಗಿ, ನಿಧಾನಕ್ಕೆ ಶುರುವಾಯಿತು. ಹುಡುಗನ ಮುಖ ಬಾಡಿತು. "ಇದಲ್ಲ ಮಿಸ್." ನಾನು ಸುಮ್ನೆ ಅರ್ಧಕ್ಕೆ ಓಡಿಸಿದೆ. ಲಿಸ್ಟ್ ಇದನ್ನು ಎರಡು ಭಾಗ ಮಾಡಿದ್ದಾನೆ, ಮೊದಲು ನಿಧಾನದ್ದು, ಆಮೇಲೆ ಓಟದ್ದು. ಓಟದ ಭಾಗ ಬಂದದ್ದೇ ಹುಡುಗ ಕುರ್ಚಿಯಿಂದ ಎದ್ದು ನಿಂತ. "ಇದೇ! ಇದೇ!" ಅದನ್ನು ನುಡಿಸಲು ಇನ್ನೂ ಹತ್ತು ವರ್ಷ ಬೇಕು ಮಗ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮೊಜಾರ್ಟ್‌ನ 'ಟರ್ಕಿಶ್ ಮಾರ್ಚ್' ಕಥೆಯೂ ಇಂಥದ್ದೇ. ಅದು ಹನ್ನೊಂದನೇ ಪಿಯಾನೋ ಸೊನಾಟಾದ ಕೊನೆಯ ಭಾಗ. ಬರೀ ಸೊನಾಟಾ ಹೆಸರು ಹಾಕಿ ಹುಡುಕಿದರೆ ಅದು ಬರುವ ಮೊದಲು ಎರಡು ದೊಡ್ಡ ಭಾಗ ಕೇಳಬೇಕಾಗುತ್ತದೆ. ಅದಕ್ಕೇ ನಾನು ಪೋಷಕರಿಗೆ ಹೆಸರಿನ ಜೊತೆಗೆ ನಂಬರನ್ನೂ ಬರೆದುಕೊಡುತ್ತೇನೆ: ಕೆ. 331, ಮೂರನೇ ಭಾಗ. ಆ 'ಕೆ' ಎಂದರೆ ಮೊಜಾರ್ಟ್‌ನ ಕೃತಿಗಳ ಪಟ್ಟಿ ಮಾಡಿದ ಕೋಹೆಲ್ ಎಂಬವರ ಹೆಸರು. ಫ್ಯೂರ್ ಎಲೀಸ್‌ಗೂ ಇಂಥ ನಂಬರ್ ಇದೆ, ಡಬ್ಲ್ಯು.ಒ.ಒ. 59, ಅಂದರೆ ಬೀಥೋವನ್‌ನ ಓಪಸ್ (ಕೃತಿ) ನಂಬರ್ ಇಲ್ಲದ ಕೃತಿಗಳ ಪಟ್ಟಿಯಲ್ಲಿ 59ನೆಯದು. ಹೆಸರುಗಳ ಸ್ಪೆಲ್ಲಿಂಗ್ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ನಂಬರ್ ಬದಲಾಗುವುದಿಲ್ಲ.

ನಂಬರ್ ಸಿಕ್ಕಿದರೆ ನೋಟ್ಸ್ (ನುಡಿಸಲು ಸ್ವರ ಬರೆದ ಹಾಳೆ) ಸಿಗುವುದು ಸುಲಭ. ಐ.ಎಂ.ಎಸ್.ಎಲ್.ಪಿ. ಎಂಬ ತಾಣದಲ್ಲಿ ಹಳೆಯ ಕೃತಿಗಳ ನೋಟ್ಸ್ ಪುಕ್ಕಟೆ ಇವೆ. ನಮ್ಮ ದೇಶದಲ್ಲಿ ಬರೆದವರು ಸತ್ತು 60 ವರ್ಷ ಆದ ಮೇಲೆ ಕಾಪಿರೈಟ್ ಇರುವುದಿಲ್ಲ, ಹಾಗಾಗಿ ಬೀಥೋವನ್, ಮೊಜಾರ್ಟ್, ಸಾಟಿ ಎಲ್ಲ ಧಾರಾಳವಾಗಿ ಪ್ರಿಂಟ್ ತೆಗೆಯಬಹುದು. ಈಗಿನ ಕಾಲೇಜು ಹುಡುಗಿಯರು ಗುನುಗಿಕೊಂಡು ಬರುವುದು ಮಾತ್ರ ಜಾಸ್ತಿ 'ರಿವರ್ ಫ್ಲೋಸ್ ಇನ್ ಯೂ'. ಕೊರಿಯಾದ ಯಿರುಮಾ 2001ರಲ್ಲಿ ಹೊರತಂದದ್ದು. ಅವರು ಇನ್ನೂ ಬದುಕಿದ್ದಾರೆ, ನುಡಿಸುತ್ತಲೂ ಇದ್ದಾರೆ. ಅದರ ನೋಟ್ಸ್ ಬೇಕಾದರೆ ದುಡ್ಡು ಕೊಟ್ಟೇ ತೆಗೆದುಕೊಳ್ಳಿ ಅಂತ ಹೇಳುತ್ತೇನೆ.